ರಾ. ದ. ರಾನಡೆಯವರ ವಿಚಾರವಿಕಾಸ: ಅನುಭಾವ, ನೆರೆಯವನು ಮತ್ತು ಪೆಕಿಂಗಿನ ಒಬ್ಬ ಸಮಕಾಲೀನ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಸುವಾರ್ತಾಸೇವೆಯಲ್ಲಿರುವವರು ದಿನನಿತ್ಯ ಎದುರುಗೊಳ್ಳುವ ಧರ್ಮವು ಪಠ್ಯಪುಸ್ತಕಗಳಲ್ಲಿ ವರ್ಣಿತವಾದ ಹಿಂದೂ ಧರ್ಮವಲ್ಲ. ಅದು ಭಜನೆಯ, ಸಪ್ತಾಹದ, ಗುರುವಿನಿಂದ ಪಡೆದ ನಾಮದ ಧರ್ಮ. ಮೂಡಲಗಿಯಲ್ಲಿ ಶಿವಬೋಧರಂಗನ ಮಠವಿದೆ. ಹುಕ್ಕೇರಿ ತಾಲೂಕಿನ ಸಂಕೇಶ್ವರದಲ್ಲಿ ಶಂಕರಾಚಾರ್ಯ ಪೀಠವಿದೆ. ಇವುಗಳ ನಡುವೆ ಇಂಚಗೇರಿ ಸಂಪ್ರದಾಯದ ಸಾಧಕರು ಬೆಳಗಿನ ಜಾವ ಎದ್ದು 'ನೇಮ'ಕ್ಕೆ ಕೂಡುತ್ತಾರೆ, ದಾಸಬೋಧವನ್ನು ಓದುತ್ತಾರೆ, ಕನ್ನಡದ ಪದಗಳನ್ನು ಹಾಡುತ್ತಾರೆ. ಈ ಮೌನಸಾಧನೆಗೆ ತತ್ತ್ವಶಾಸ್ತ್ರದ ಭಾಷೆಯನ್ನು ಕೊಟ್ಟವರು ಈ ಸೀಮೆಗೆ ಹತ್ತಿರದ ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ ರಾಮಚಂದ್ರ ದತ್ತಾತ್ರೇಯ ರಾನಡೆಯವರು. ಆದಕಾರಣ ನಮ್ಮ ಬೋಧಕರು ನೆರೆಯವರೊಡನೆ ಮಾತಿಗೆ ಒಂದು ಸೇತುವೆಯನ್ನು ಹುಡುಕುವಾಗ ರಾನಡೆಯವರ ಗ್ರಂಥಗಳತ್ತ ಕೈಚಾಚುವುದು ಸಹಜವೇ. ತುಕಾರಾಮನ ಪಕ್ಕದಲ್ಲಿ ಶಿಲುಬೆಯ ಸಂತ ಯೋಹಾನನನ್ನು ಕೂಡಿಸಿದವರು ಅವರು. ಆ ಸೇತುವೆಯು ಎಷ್ಟು ಭಾರವನ್ನು ತಾಳಬಲ್ಲದೆಂಬುದನ್ನು ಅರಿಯಬೇಕಾದರೆ ಅವರ ವಿಚಾರವು ಬೆಳೆದುಬಂದ ಬಗೆಯನ್ನು ನೋಡಬೇಕು.

ಆ ಬೆಳವಣಿಗೆಯಲ್ಲಿ ಒಂದು ವೈಚಿತ್ರ್ಯವಿದೆ. ಸಾಮಾನ್ಯವಾಗಿ ತತ್ತ್ವಜ್ಞನು ಮೊದಲು ಓದುತ್ತಾನೆ, ಸಂದೇಹಪಡುತ್ತಾನೆ, ಕೊನೆಗೊಂದು ನಂಬಿಕೆಗೆ ಬಂದು ಸೇರುತ್ತಾನೆ. ರಾನಡೆಯವರಿಗೆ ನಂಬಿಕೆಯು ಮೊದಲೇ ದೊರಕಿತು. 1901ರಲ್ಲಿ, ಇನ್ನೂ ಶಾಲಾ ಬಾಲಕನಾಗಿದ್ದಾಗಲೇ, ಜಮಖಂಡಿಯಲ್ಲಿ ಉಮದಿಯ ಭಾವೂಸಾಹೇಬ ಮಹಾರಾಜರಿಂದ ಅವರು ನಾಮವನ್ನು ಪಡೆದರು. ತತ್ತ್ವಶಾಸ್ತ್ರದಲ್ಲಿ ಎಂ.ಎ. ಆದದ್ದು 1914ರಲ್ಲಿ. ನಡುವೆ ಪುಣೆಯ ಡೆಕ್ಕನ್ ಕಾಲೇಜು, ಗಣಿತದ ಅಭ್ಯಾಸ, ಜೀವಕ್ಕೆ ಕುತ್ತು ತಂದ ಕಾಯಿಲೆ. ಆ ಕಾಯಿಲೆಯ ದಿನಗಳಲ್ಲಿ ನಾಮಸ್ಮರಣೆಯು ಅವರಿಗೆ ವಿದ್ಯಾರ್ಥಿಯ ಹರಕೆಯಾಗಿ ಉಳಿಯದೆ ಉಸಿರಿಗೆ ಸಮನಾಯಿತು. ಮುಂದೆ ಅವರು ಓದಿದ್ದೆಲ್ಲವೂ ಮೊದಲೇ ಕಂಡದ್ದಕ್ಕೆ ಮಾತು ಹುಡುಕುವ ಓದು. ಇದನ್ನು ದೋಷವೆಂದು ಹೇಳುತ್ತಿಲ್ಲ. ನಂಬಿದ ಮೇಲೆ ತಿಳಿಯಹೊರಡುವ ಕ್ರಮ ನಮ್ಮ ಅಗಸ್ಟೀನ, ಆನ್ಸೆಲ್ಮರಿಗೂ ಪರಿಚಿತವೇ.

ಫರ್ಗ್ಯುಸನ್ ಕಾಲೇಜಿನ ಅಧ್ಯಾಪಕರಾಗಿ ಅವರು ಮೊದಲು ಬರೆದದ್ದು ಗ್ರೀಕರನ್ನು ಕುರಿತು: ಹೆರಾಕ್ಲೀಟಸ್, ಎಲಿಯಾದ ತತ್ತ್ವಜ್ಞರು, ಅವರನ್ನು ಖಂಡಿಸಿದ ಅರಿಸ್ಟಾಟಲ್. ಜಮಖಂಡಿಯ ಸಾಧಕನಿಗೆ ಎಲಿಯಾದ ಗೊಡವೆಯೇಕೆ ಎಂದು ಕೇಳಬಹುದು. ಆ ಕಾಲದ ಭಾರತೀಯ ವಿದ್ವಾಂಸನೊಬ್ಬನು ತನ್ನ ಉಪನಿಷತ್ತಿನ ಬಗ್ಗೆ ವಿಶ್ವವಿದ್ಯಾಲಯದ ಕಿವಿಗೆ ಬೀಳುವಂತೆ ಮಾತನಾಡಬೇಕಾದರೆ ಗ್ರೀಸಿನ ದಾರಿಯಾಗಿಯೇ ಬರಬೇಕಾಗಿತ್ತು ಎಂಬುದು ಒಂದು ಉತ್ತರ. ಅದರ ಫಲವು 1926ರಲ್ಲಿ ಪ್ರಕಟವಾದ ಉಪನಿಷತ್ ತತ್ತ್ವಶಾಸ್ತ್ರದ ರಚನಾತ್ಮಕ ಸಮೀಕ್ಷೆಯಲ್ಲಿ ಕಾಣುತ್ತದೆ. ಸೃಷ್ಟಿವಿಚಾರ, ಮನೋವಿಚಾರ, ಮುಂದಿನ ದರ್ಶನಗಳ ಬೇರುಗಳು, ಪರತತ್ತ್ವ, ನೀತಿ ಎಂದು ಆ ಗ್ರಂಥವು ಸಮಸ್ಯೆಗಳನ್ನು ಹಿಡಿದು ನಡೆಯುತ್ತದೆ. ಹೆಜ್ಜೆಹೆಜ್ಜೆಗೂ ಪಾಶ್ಚಾತ್ಯ ಹೋಲಿಕೆಗಳಿವೆ. ಆದರೆ ಕೊನೆಯ ಅಧ್ಯಾಯವು ಆತ್ಮಸಾಕ್ಷಾತ್ಕಾರದ ಸೂಚನೆಗಳಿಗೆ ಮೀಸಲಾಗಿದೆ, ಅಲ್ಲಿ ಬರಹದ ದನಿಯೇ ಬದಲಾಗುತ್ತದೆ. ಆರು ಅಧ್ಯಾಯಗಳ ಕಾಲ ಅಧ್ಯಾಪಕರು ಮಾತನಾಡುತ್ತಾರೆ. ಏಳನೆಯದರಲ್ಲಿ ನಿಂಬಾಳದ ಸಾಧಕರು ಬಾಯಿ ತೆರೆಯುತ್ತಾರೆ. ತತ್ತ್ವವಿಚಾರವೆಲ್ಲವೂ ಅನುಭವದ ಬಾಗಿಲಿಗೆ ತಂದು ನಿಲ್ಲಿಸುವ ದಾರಿ ಎಂಬ ಅವರ ಕೊನೆಯ ನಿಲುವು ಇಲ್ಲಿ ಬೀಜರೂಪದಲ್ಲಿದೆ.

ಇಪ್ಪತ್ತರ ದಶಕದ ಕೊನೆಗೆ ಅವರು ಅಲಹಾಬಾದ್ ವಿಶ್ವವಿದ್ಯಾಲಯಕ್ಕೆ ಹೋದರು. 1933ರಲ್ಲಿ ಮಹಾರಾಷ್ಟ್ರದ ಅನುಭಾವವನ್ನು ಕುರಿತ ದೊಡ್ಡ ಗ್ರಂಥವು ಹೊರಬಂದಿತು. ನನ್ನ ಮಟ್ಟಿಗೆ ಇದೇ ಅವರ ಅತ್ಯುತ್ತಮ ಕೃತಿ. ಜ್ಞಾನದೇವನದು ಬೌದ್ಧಿಕ ಅನುಭಾವ, ನಾಮದೇವ ಮತ್ತು ಅವನ ಸಮಕಾಲೀನರದು ಜನಸಮಾನತೆಯ ಅನುಭಾವ, ಏಕನಾಥನದು ಸಮನ್ವಯ, ತುಕಾರಾಮನದು ವ್ಯಕ್ತಿನಿಷ್ಠ, ರಾಮದಾಸನದು ಕ್ರಿಯಾಶೀಲ ಎಂಬ ವಿಂಗಡಣೆ ಇಲ್ಲಿದೆ. ಅನುಭಾವವೆಂದರೆ ಮೂಗು ಹಿಡಿದು ಕೂಡುವ ಒಂದೇ ಬಗೆಯಲ್ಲ, ಅದಕ್ಕೆ ಸ್ವಭಾವಭೇದಗಳಿವೆ ಎಂಬ ಅರಿವು ಈ ವಿಂಗಡಣೆಯಲ್ಲಿದೆ. ರಾನಡೆಯವರನ್ನು ಲೋಕವಿಮುಖರೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರು ಇದನ್ನು ಮರೆಯಬಾರದು. ದೇವರನ್ನು ನೇರವಾಗಿ, ನಡುವೆ ಯಾರ ಹಂಗೂ ಇಲ್ಲದೆ ಕಾಣುವುದೇ ಅನುಭಾವವೆಂದೂ ಎಲ್ಲ ದೇಶಕಾಲಗಳ ಅನುಭಾವಿಗಳು ಸೇರಿ ಒಂದೇ ದಿವ್ಯಸಮಾಜವಾಗಿದ್ದಾರೆಂದೂ ಅವರು ಅಲ್ಲಿ ವಾದಿಸುತ್ತಾರೆ. ಕ್ರೈಸ್ತ ಸಂತರಿಗೆ ಆ ಸಮಾಜದಲ್ಲಿ ಅತಿಥಿಗಳ ಪೀಠವಿಲ್ಲ, ಮನೆಯವರ ಪೀಠವೇ ಇದೆ. ಇಂಥ ಔದಾರ್ಯಕ್ಕೆ ನಾವು ಋಣಿಗಳಾಗಿರಬೇಕು.

ನಿವೃತ್ತಿಯ ನಂತರ ನಿಂಬಾಳಕ್ಕೆ ಬಂದು ನೆಲೆಸಿದ ಅವರು 1957ರಲ್ಲಿ ಅಲ್ಲಿಯೇ ದೇಹವಿಟ್ಟರು. ಹಿಂದೀ ಸಂತರ ಮೇಲಿನ ಗ್ರಂಥವು 1954ರಲ್ಲಿಯೂ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಉಪನ್ಯಾಸಗಳಿಂದ ರೂಪುಗೊಂಡ ಕನ್ನಡ ಸಾಹಿತ್ಯದ ಮೇಲಿನ ಗ್ರಂಥವು ಅವರ ಮರಣಾನಂತರ 1960ರಲ್ಲಿಯೂ ಪ್ರಕಟವಾದವು. ಗ್ರೀಕಿನಿಂದ ಸಂಸ್ಕೃತಕ್ಕೆ, ಸಂಸ್ಕೃತದಿಂದ ಮರಾಠಿಗೆ, ಹಿಂದಿಗೆ, ಕೊನೆಗೆ ಕನ್ನಡಕ್ಕೆ: ಇದು ಪಂಡಿತನೊಬ್ಬನು ವಿಶ್ವವಿದ್ಯಾಲಯದಿಂದ ಮನೆಯಂಗಳಕ್ಕೆ ನಡೆದು ಬಂದ ದಾರಿ. ಮರಾಠಿ ಮನೆತನದಲ್ಲಿ ಹುಟ್ಟಿದರೂ ಕನ್ನಡದ ಭಜನೆಗಳನ್ನು ಬಾಲ್ಯದಿಂದಲೇ ಕೇಳಿದ ಕಿವಿ ಅವರದು. ದಾಸರ ಪದಗಳನ್ನೂ ಶರಣರ ವಚನಗಳನ್ನೂ ಒಂದೇ ಸಭೆಯಲ್ಲಿ ಕೂಡಿಸಿದ ಅವರ ಧೈರ್ಯ ಸಣ್ಣದಲ್ಲ. ನಮ್ಮ ಕಡೆ ಮಠಮಠಗಳ ನಡುವಿನ ಗೋಡೆಗಳು ಎಷ್ಟು ಎತ್ತರವೆಂಬುದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಆ ಸಭೆಯ ಆಸನವ್ಯವಸ್ಥೆಯ ಬಗ್ಗೆ ನನ್ನ ತಕರಾರು ಇದೆ. ಕೊನೆಯ ಗ್ರಂಥಗಳಲ್ಲಿ ರಾನಡೆಯವರು ಸಂತರ ಮಾತುಗಳನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸುತ್ತಾರೆ: ಪರಮಾರ್ಥಕ್ಕೆ ಪ್ರೇರಣೆ, ನೈತಿಕ ಸಿದ್ಧತೆ, ಯಾತ್ರೆಯ ಆರಂಭ, ಆರೋಹಣ. ಮಾತನ್ನು ಅದು ಹುಟ್ಟಿದ ಸಂದರ್ಭದಿಂದ ಎತ್ತಿ ಮೆಟ್ಟಿಲಿಗೆ ಹೊಂದಿಸಿದಾಗ ಸಂದರ್ಭವು ಕೆಳಗೇ ಉಳಿಯುತ್ತದೆ. ಇಂಥ ಏಣಿಯಲ್ಲಿ ಕಾಯಕ, ದಾಸೋಹ, ಕುಲದ ಕಟ್ಟನ್ನು ಹರಿದ ಬದುಕು ಇವೆಲ್ಲಕ್ಕೂ ಒಂದೇ ಸ್ಥಾನ: ನೈತಿಕ ಸಿದ್ಧತೆ, ಅಂದರೆ ಮೇಲಕ್ಕೆ ಹೋಗುವವನು ತುಳಿದು ದಾಟಬೇಕಾದ ಮೆಟ್ಟಿಲು. ಆರೋಹಣದ ತುದಿಯಲ್ಲಿ ದೇವರಿದ್ದಾನೆ, ಭಕ್ತನಿದ್ದಾನೆ, ನೆರೆಯವನಿಲ್ಲ.

ಎಲ್ಲರೂ ಮೆಚ್ಚುವ ಹೋಲಿಕೆಯನ್ನೇ ತೆಗೆದುಕೊಳ್ಳೋಣ. ತುಕಾರಾಮನ ಪರಿತಾಪವನ್ನು ರಾನಡೆಯವರು ಶಿಲುಬೆಯ ಯೋಹಾನನ 'ಆತ್ಮದ ಕತ್ತಲ ರಾತ್ರಿ'ಯ ಬೆಳಕಿನಲ್ಲಿ ಓದುತ್ತಾರೆ. ಅನುಭಾವದ ಮನಶ್ಶಾಸ್ತ್ರವಾಗಿ ಈ ಓದು ಸೊಗಸಾಗಿದೆ. ಆದರೆ ಯೋಹಾನನ ರಾತ್ರಿಗೆ ಗೋಡೆಗಳಿದ್ದವು. 1577ರ ಡಿಸೆಂಬರಿನಿಂದ 1578ರ ಆಗಸ್ಟಿನವರೆಗೆ ಅವನನ್ನು ಟೊಲೆಡೊ ನಗರದ ಇಕ್ಕಟ್ಟಾದ ಕೋಣೆಯೊಂದರಲ್ಲಿ ಕೂಡಿಹಾಕಿದವರು ಅವನದೇ ಕಾರ್ಮೆಲ್ ಸಂಘದ ಸಹೋದರರು. ತೆರೇಸಾಳೊಡನೆ ಸಂಘದ ಸುಧಾರಣೆಗೆ ಕೈಹಾಕಿದ್ದೇ ಅವನ ಅಪರಾಧ. ತುಕಾರಾಮನ ರಾತ್ರಿಗೂ ಊರು-ಕೇರಿಯುಂಟು: ಬರಗಾಲ, ದಿವಾಳಿಯಾದ ಅಂಗಡಿ, ಅನ್ನವಿಲ್ಲದೆ ಸತ್ತ ಹೆಂಡತಿ, ಶೂದ್ರನು ಅಭಂಗ ಬರೆಯಬಾರದೆಂದ ಊರಿನ ಪಂಡಿತರು. ಒಬ್ಬನನ್ನು ಸಭೆಯೂ ಇನ್ನೊಬ್ಬನನ್ನು ಜಾತಿಯೂ ಕತ್ತಲೆಗೆ ನೂಕಿದವು. ಎರಡು ಕತ್ತಲೆಗಳನ್ನು ಆರೋಹಣದ ಒಂದು ಹಂತವೆಂದು ಕರೆದ ಕೂಡಲೇ ನೂಕಿದ ಕೈಗಳು ಕಾಣದಾಗುತ್ತವೆ. ಬೋಧಕನು ಈ ಹೋಲಿಕೆಯನ್ನು ಹಾಗೆಯೇ ಪ್ರಸಂಗದಲ್ಲಿ ಬಳಸಿದರೆ ಶಿಲುಬೆಯೂ ಒಂದು ಮನೋಹಂತವಾಗಿಬಿಡುವ ಅಪಾಯವಿದೆ. ಪೊಂತ್ಯ ಪಿಲಾತನ ಹೆಸರು ನಮ್ಮ ವಿಶ್ವಾಸಪ್ರಮಾಣದಲ್ಲಿ ಏಕಿದೆ ಎಂಬುದನ್ನು ಸಭೆ ಮರೆಯುತ್ತದೆ.

ರಾನಡೆಯವರ ದಾರಿಯನ್ನು ಹೊರಗಿನಿಂದ ಅಳೆಯಲು ನನಗೆ ಹೊಂದಿಕೆಯಾಗಿ ತೋರುವವರು ಅವರ ಸಮಕಾಲೀನರೇ ಆದ ಚೀನದ ಕನ್‌ಫ್ಯೂಷಿಯನ್ ಚಿಂತಕ ಲಿಯಾಂಗ್ ಶುಮಿಂಗ್. ಕಾರಣ ಸರಳ: ರಾನಡೆಯವರು ಪುಣೆಯಲ್ಲಿ ಗ್ರೀಕ್ ತತ್ತ್ವವನ್ನು ಬರೆಯುತ್ತಿದ್ದ ವರ್ಷಗಳಲ್ಲೇ ಈತ ಪೆಕಿಂಗ್ ವಿಶ್ವವಿದ್ಯಾಲಯದಲ್ಲಿ ಭಾರತೀಯ ತತ್ತ್ವಶಾಸ್ತ್ರವನ್ನು ಬೋಧಿಸುತ್ತಿದ್ದರು. 1893ರಲ್ಲಿ ಹುಟ್ಟಿದ ಲಿಯಾಂಗ್ ತಾರುಣ್ಯದಲ್ಲಿ ಕ್ರಾಂತಿಕಾರರ ಜೊತೆ ಸೇರಿ ಪತ್ರಕರ್ತರಾದರು, ಕ್ರಾಂತಿಯ ಫಲವನ್ನು ಕಂಡು ಹೇಸಿ ಆತ್ಮಹತ್ಯೆಗೂ ಯತ್ನಿಸಿದರು, ಆಮೇಲೆ ಬೌದ್ಧಮತವನ್ನು ಹಿಡಿದರು. 1917ರಲ್ಲಿ, ಪದವಿಯೇ ಇಲ್ಲದ ಇಪ್ಪತ್ತನಾಲ್ಕರ ಯುವಕನನ್ನು ಭಾರತೀಯ ದರ್ಶನಗಳನ್ನು ಕಲಿಸಲು ಕುಲಪತಿ ತ್ಸಾಯ್ ಯುವಾನ್‌ಪೈ ಕರೆದರು. ಮರುವರ್ಷ ತಂದೆ ಲಿಯಾಂಗ್ ಜಿ, ಹಳೆಯ ಧರ್ಮವು ಅಳಿಯಿತೆಂಬ ನೋವಿನಲ್ಲಿ ಕೆರೆಗೆ ಬಿದ್ದು ಪ್ರಾಣಬಿಟ್ಟರು. ಸಾಯುವ ಕೆಲವು ದಿನಗಳ ಹಿಂದೆ ಆ ತಂದೆ ಮಗನನ್ನು ಕೇಳಿದ್ದು ಈ ಲೋಕವು ಒಳ್ಳೆಯದಾದೀತೇ ಎಂದು. ಅಲ್ಲಿಂದ ಮೂರು ವರ್ಷಗಳೊಳಗೆ ಮಗನು ಸಂನ್ಯಾಸದ ಆಸೆಯನ್ನು ಬಿಟ್ಟು ಮದುವೆಯಾಗಿ ಕನ್‌ಫ್ಯೂಷಿಯಸನ ದಾರಿಗೆ ಬಂದರು. ತಂದೆಯ ಸಾವೊಂದೇ ಇದಕ್ಕೆ ಕಾರಣವೆನ್ನಲಾರೆ. ಆದರೆ ಆ ಪ್ರಶ್ನೆಯು ಅವರನ್ನು ಬಿಡಲಿಲ್ಲವೆಂಬುದು ನಿಜ.

1921ರಲ್ಲಿ ಪ್ರಕಟವಾದ ಪೂರ್ವ-ಪಶ್ಚಿಮ ಸಂಸ್ಕೃತಿಗಳ ಮೇಲಿನ ಅವರ ಗ್ರಂಥವು ಮನುಷ್ಯನ ಇಚ್ಛೆಗೆ ಮೂರು ದಿಕ್ಕುಗಳನ್ನು ಹೇಳುತ್ತದೆ. ಪಶ್ಚಿಮದ ಇಚ್ಛೆ ಮುಂದಕ್ಕೆ ನುಗ್ಗಿ ನಿಸರ್ಗವನ್ನು ಗೆಲ್ಲುತ್ತದೆ. ಚೀನದ ಇಚ್ಛೆ ಇದ್ದುದರೊಡನೆ, ಇದ್ದವರೊಡನೆ ಹೊಂದಿಕೊಳ್ಳುತ್ತದೆ. ಭಾರತದ ಇಚ್ಛೆ ಹಿಂದಕ್ಕೆ ತಿರುಗಿ ತನ್ನನ್ನೇ ಅಳಿಸಿಕೊಳ್ಳುತ್ತದೆ. ಮೊದಲನೆಯದು ಹೊಟ್ಟೆಯ ಪ್ರಶ್ನೆಗೂ ಎರಡನೆಯದು ನೆರೆಯವನ ಪ್ರಶ್ನೆಗೂ ಮೂರನೆಯದು ಸಾವಿನ ಪ್ರಶ್ನೆಗೂ ಉತ್ತರ. ಚೀನ, ಭಾರತಗಳು ಹೊಟ್ಟೆಯ ಪ್ರಶ್ನೆ ಮುಗಿಯುವ ಮೊದಲೇ ಮುಂದಿನದಕ್ಕೆ ಹಾರಿದ ಅಕಾಲಪಕ್ವ ಸಂಸ್ಕೃತಿಗಳು ಎಂಬುದು ಅವರ ನಿರ್ಣಯ. ಇದನ್ನು ಓದುತ್ತಿರುವಾಗ ನಿಂಬಾಳದ ಕೋಣೆಯಲ್ಲಿ ಧ್ಯಾನಕ್ಕೆ ಕುಳಿತ ರಾನಡೆಯವರೇ ಕಣ್ಮುಂದೆ ಬರುತ್ತಾರೆ. ಲಿಯಾಂಗರ ಭಾರತಕ್ಕೆ ಅವರಿಗಿಂತ ಒಳ್ಳೆಯ ಸಾಕ್ಷಿ ಬೇಕೆ?

ಹಾಗಿದ್ದೂ ಲಿಯಾಂಗ್ ಸ್ವತಃ ಆ ಭಾರತದಿಂದ ಹೊರಟು ಹಳ್ಳಿಗೆ ಬಂದರು. 1924ರಲ್ಲಿ ವಿಶ್ವವಿದ್ಯಾಲಯವನ್ನು ಬಿಟ್ಟರು. 1931ರಿಂದ 1937ರವರೆಗೆ, ಜಪಾನಿನ ಸೈನ್ಯ ಬರುವ ತನಕ, ಶಾಂಡಾಂಗ್ ಪ್ರಾಂತದ ತ್ಸೌಪಿಂಗಿನಲ್ಲಿ ಗ್ರಾಮ ಪುನಾರಚನೆಯನ್ನು ನಡೆಸಿದರು. ಊರಿನ ಶಾಲೆಯನ್ನೇ ಊರಿನ ಆಡಳಿತವಾಗಿಸುವುದು, ಹತ್ತಿ ಬೆಳೆಗಾರರ ಸಹಕಾರ ಸಂಘಗಳು, ಸುಂಗ್ ಕಾಲದ ಹಳೆಯ ಗ್ರಾಮ ಒಡಂಬಡಿಕೆಯನ್ನು ಹೊಸದಾಗಿ ಬಾಳಿಸುವುದು ಅವರ ಯೋಜನೆಯಾಗಿತ್ತು. ಈ ಅನುಭವದಿಂದ ಪಕ್ವವಾದ 1949ರ ಗ್ರಂಥದಲ್ಲಿ ನಮಗೆ ನೇರವಾಗಿ ತಟ್ಟುವ ಮಾತಿದೆ. ಚೀನ-ಪಶ್ಚಿಮಗಳ ದಾರಿ ಕವಲೊಡೆದದ್ದು ಧರ್ಮದ ಪ್ರಶ್ನೆಯಲ್ಲಿ. ಕ್ರೈಸ್ತಸಭೆಯು ಮನೆತನವನ್ನು ಮೀರಿದ ಒಂದು ದೇಹವನ್ನು ಕಟ್ಟಿ ಪಶ್ಚಿಮದವರಿಗೆ ಸಾಮೂಹಿಕ ಜೀವನವನ್ನು ಕಲಿಸಿತು. ಚೀನರು ನೀತಿಯನ್ನೇ ಧರ್ಮದ ಸ್ಥಾನದಲ್ಲಿಟ್ಟು ತಂದೆ-ಮಗ, ಅಣ್ಣ-ತಮ್ಮ, ಗೆಳೆಯ-ಗೆಳೆಯ ಎಂಬ ಸಂಬಂಧಗಳಲ್ಲೇ ಉಳಿದರು, ಅಪರಿಚಿತನೊಡನೆ ಒಂದಾಗಿ ದುಡಿಯುವುದನ್ನು ಕಲಿಯಲಿಲ್ಲ ಎನ್ನುತ್ತಾರೆ ಅವರು.

ಕನ್‌ಫ್ಯೂಷಿಯನ್ ಒಬ್ಬರು ಸಭೆಗೆ ಕೊಟ್ಟ ಈ ಪ್ರಶಂಸೆಯನ್ನು ನಮ್ಮ ಮೂರು ತಾಲೂಕುಗಳಲ್ಲಿ ನಿಂತು ಓದಿದರೆ ತಲೆ ತಗ್ಗಿಸಬೇಕಾಗುತ್ತದೆ. ಹುಕ್ಕೇರಿಯ ರೈತರು 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘವನ್ನು ಕಟ್ಟಿಕೊಂಡರು. ಆ ತಂತಿ ಎಲ್ಲ ಕೇರಿಗಳಿಗೂ ಒಂದೇ. ಗೋಕಾಕ ಫಾಲ್ಸಿನ ಹತ್ತಿ ಗಿರಣಿಯು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ನಾನಾ ಕುಲದವರನ್ನು ಒಂದೇ ಪಾಳಿಯಲ್ಲಿ ನಿಲ್ಲಿಸಿತು. ನಮ್ಮ ಸಣ್ಣ ಸಭೆಗಳಾದರೋ ಪ್ರಭುಭೋಜನದಲ್ಲಿ ಒಂದೇ ದೇಹವೆನ್ನುತ್ತವೆ. ಹೆಣ್ಣು ಕೊಡುವ, ಗಂಡು ತರುವ ಮಾತು ಬಂದಾಗ ಮತ್ತೆ ಬಳಗವಾಗುತ್ತವೆ. ಲಿಯಾಂಗ್ ಚೀನದಲ್ಲಿ ಕಂಡ ಕೊರತೆ ನಮ್ಮ ಬಲಿಪೀಠದ ಮುಂದೆಯೇ ಇದೆ.

ಇನ್ನು ಲಿಯಾಂಗರ ತಪ್ಪು. ಅವರು ಕಂಡ ಭಾರತವು ಯೋಗಾಚಾರ, ಸಾಂಖ್ಯ, ವೇದಾಂತಗಳ ಗ್ರಂಥಭಾರತ. ಆ ಭಾರತಕ್ಕೆ ಕೈಕಾಲುಗಳಿಲ್ಲ, ಕಸುಬಿಲ್ಲ. ರಾನಡೆಯವರ ಗುರುಪರಂಪರೆಯನ್ನೇ ನೋಡಿದ್ದರೆ ಅವರ ಮೂರು ದಿಕ್ಕುಗಳು ತಾರುಮಾರಾಗುತ್ತಿದ್ದವು. ಅದರ ಆದ್ಯರು ನಿಂಬರಗಿಯ ಗುರುಲಿಂಗಜಂಗಮ ಮಹಾರಾಜರು, ಬಣ್ಣ ಹಾಕುವ ಕಸುಬಿನ ಲಿಂಗಾಯತ ಮನೆತನದವರು. ಆ ಧಾರೆಯಲ್ಲಿ ಉಮದಿಯ ದೇಶಪಾಂಡೆ ಮನೆತನದ ಬ್ರಾಹ್ಮಣರು ನಾಮ ಪಡೆದರು. ಶಿವಲಿಂಗವ್ವನೆಂಬ ಹೆಣ್ಣುಮಗಳು ಅದೇ ಧಾರೆಯಲ್ಲಿ ಹಿರಿಯ ಸಾಧಕಿಯಾದಳು. ಬಣ್ಣಗಾರನ ಮಾತಿಗೆ ಬ್ರಾಹ್ಮಣನು ತಲೆಬಾಗುವುದು ಇಚ್ಛೆ ಹಿಂದಕ್ಕೆ ತಿರುಗುವ ಲಕ್ಷಣವಲ್ಲ. ಅದೊಂದು ಸಾಮಾಜಿಕ ಘಟನೆ. ಭಾವೂಸಾಹೇಬರ ಇನ್ನೊಬ್ಬ ಶಿಷ್ಯರಾದ ಗಿರಿಮಲ್ಲೇಶ್ವರರ ಶಾಖೆಯಲ್ಲಂತೂ ಬೆಳಗಾವಿ ಜಿಲ್ಲೆಯ ಮುರಗೋಡದ ಮಹಾದೇವರು, ಅಂದರೆ ಮಾಧವಾನಂದ ಪ್ರಭುಗಳು, ಸ್ವಾತಂತ್ರ್ಯ ಹೋರಾಟಕ್ಕೆ ಇಳಿದರು, ಆಮೇಲೆ ಮಠದ ಅಂಗಳದಲ್ಲೇ ಅಂತರ್ಜಾತೀಯ ವಿವಾಹಗಳನ್ನು ಮಾಡಿಸಿದರು. ಅದೇ ನಾಮ, ಅದೇ ನೇಮ. ನಡೆ ಮಾತ್ರ ನಿಂಬಾಳದ್ದಲ್ಲ.

ರಾನಡೆಯವರ ವಿಚಾರದ ಕೊರತೆಯು ಇಲ್ಲಿ ಸ್ಪಷ್ಟವಾಗುತ್ತದೆಂದು ನನಗೆ ತೋರುತ್ತದೆ. ಅವರು ಬಾಳಿದ ಸಂಪ್ರದಾಯವು ಅವರು ಬರೆದ ಸಿದ್ಧಾಂತಕ್ಕಿಂತ ದೊಡ್ಡದಾಗಿತ್ತು. ಅನುಭಾವಿಗಳ ದಿವ್ಯಸಮಾಜದ ಬಗ್ಗೆ ಅವರು ಬರೆದರು. ಆದರೆ ಬಣ್ಣಗಾರ, ದೇಶಪಾಂಡೆ, ಶಿವಲಿಂಗವ್ವ ಒಂದೇ ಕೋಣೆಯಲ್ಲಿ ಕೂಡುವಂತಾದ ಮಣ್ಣಿನ ಸಮಾಜಕ್ಕೆ ಅವರ ತತ್ತ್ವದಲ್ಲಿ ಹೆಸರಿಲ್ಲ. ನಾಮದೇವನ ಕಾಲದ ಸಂತರನ್ನು ಸಮಾನತೆಯ ಅನುಭಾವಿಗಳೆಂದಾಗಲೂ ಸಮಾನತೆಯು ದೇವರ ಮುಂದಿನದು. ಬಾವಿಯ ಕಟ್ಟೆಯ ಮೇಲಿನದಲ್ಲ. ರೂಪಾಂತರದ ಬೆಟ್ಟದ ಮೇಲೆ ಮೂರು ಪರ್ಣಶಾಲೆಗಳನ್ನು ಕಟ್ಟಬಯಸಿದ ಪೇತ್ರನ ಆಸೆ ಸುಳ್ಳು ಆಸೆಯಲ್ಲ, ಅಲ್ಲಿ ಕಂಡ ಬೆಳಕೂ ಸುಳ್ಳಲ್ಲ. ಆದರೆ ಮೂರು ಸುವಾರ್ತೆಗಳೂ ಆ ಬೆಟ್ಟದ ಬುಡದಲ್ಲಿ ಮೂರ್ಛೆರೋಗದ ಹುಡುಗನನ್ನೂ ಅವನ ತಂದೆಯನ್ನೂ ನಿಲ್ಲಿಸಿವೆ.

ಹಾಗೆಂದು ಲಿಯಾಂಗರನ್ನು ಗೆದ್ದವರೆಂದು ಘೋಷಿಸಲಾರೆ. 1953ರಲ್ಲಿ ರೈತರ ಬವಣೆಯ ಬಗ್ಗೆ ಮಾವೋನ ಎದುರಿನಲ್ಲೇ ಮಾತನಾಡಿ ಅವರು ಅವಮಾನಕ್ಕೆ ಗುರಿಯಾದರು. 1974ರಲ್ಲಿ ದೇಶವೆಲ್ಲ ಕನ್‌ಫ್ಯೂಷಿಯಸನನ್ನು ನಿಂದಿಸುವಂತೆ ಆಜ್ಞೆಯಾದಾಗ ಅವರು ನಿಂದಿಸಲಿಲ್ಲ. ಆ ಧೈರ್ಯ ಎಲ್ಲಿಂದ ಬಂತು? 1980ರಲ್ಲಿ, 'ಕೊನೆಯ ಕನ್‌ಫ್ಯೂಷಿಯನ್' ಎಂದು ತಮ್ಮನ್ನು ಕರೆದು ಗ್ರಂಥ ಬರೆದಿದ್ದ ಅಮೆರಿಕದ ವಿದ್ವಾಂಸ ಗೈ ಅಲಿಟೊ ಭೇಟಿಗೆ ಬಂದಾಗ, ತಾನು ಒಳಗೆ ಬೌದ್ಧನೇ ಆಗಿದ್ದೇನೆಂದು ಆ ವೃದ್ಧರು ಹೇಳಿಕೊಂಡರು. ತಾವು ಬಿಟ್ಟುಬಂದೆವೆಂದುಕೊಂಡ ಭಾರತವು ಅವರ ಹಳ್ಳಿಯ ಕೆಲಸದ ಬೇರಿನಲ್ಲಿ ಉದ್ದಕ್ಕೂ ಇತ್ತು. ನೆರೆಯವನಿಗಾಗಿ ನಿಲ್ಲುವ ಬಲವು ನೆರೆಯವನಿಂದ ಹುಟ್ಟುವುದಿಲ್ಲವೆಂದು ರಾನಡೆಯವರು ಹೇಳಿದ್ದರೆ ಲಿಯಾಂಗ್ ಒಪ್ಪುತ್ತಿದ್ದರೇನೋ.

ಈ ಜಗ್ಗಾಟವು ಕನ್ನಡಕ್ಕೆ ಹೊಸದಲ್ಲ. ಸೊನ್ನಲಿಗೆಯ ಸಿದ್ಧರಾಮನು ಕೆರೆ ತೋಡಿಸುತ್ತ, ಗುಡಿ ಕಟ್ಟಿಸುತ್ತ ಇದ್ದಾಗ ಅಲ್ಲಮಪ್ರಭು ಬಂದು ಆ ಹೊರಗಿನ ಕೆಲಸವನ್ನೇ ಕೆಣಕಿ ಅವನನ್ನು ಒಳಮುಖನಾಗಿಸಿದ ಪ್ರಸಂಗವು ಶೂನ್ಯಸಂಪಾದನೆಯಲ್ಲಿದೆ. ರಾನಡೆಯವರ ಏಣಿಗೆ ಇದಕ್ಕಿಂತ ಅನುಕೂಲವಾದ ಕಥೆ ಸಿಗದು: ಕೆರೆ ಕೆಳಗಿನ ಮೆಟ್ಟಿಲು, ಬಯಲು ಮೇಲಿನದು. ಆದರೆ ಅದೇ ಸಿದ್ಧರಾಮನು ಕಲ್ಯಾಣಕ್ಕೆ ಬಂದು ಶರಣರ ಸಮುದಾಯದಲ್ಲಿ ಒಬ್ಬನಾಗಿ ಬಾಳಿದನು. ಅವನ ವಚನಗಳಲ್ಲಿ ಯೋಗಿಯೂ ಕೆರೆಯ ಕೆಲಸಗಾರನೂ ಜೊತೆಗೇ ಮಾತನಾಡುತ್ತಾರೆ. ಆ ವಚನಗಳನ್ನು ಅರಸಿ ಕೂಡ್ರಿಸಿ 1955ರಲ್ಲಿ 'ಸಿದ್ಧರಾಮ ಸಾಹಿತ್ಯ ಸಂಗ್ರಹ'ವಾಗಿ ಹೊರತಂದವರು ಬಾಸೆಲ್ ಮಿಶನ್ನಿನ ಸಭಾಪಾಲಕರಾಗಿದ್ದ ಉತ್ತಂಗಿ ಚನ್ನಪ್ಪನವರು. ರಾನಡೆಯವರ ಕನ್ನಡ ಗ್ರಂಥವು ಬಂದದ್ದು ಅದಾದ ಐದು ವರ್ಷಗಳಿಗೆ. ನಮ್ಮ ಸೆಮಿನರಿಗಳಲ್ಲಿ ಈ ಎರಡು ಪುಸ್ತಕಗಳನ್ನು ಒಂದೇ ಮೇಜಿನ ಮೇಲೆ ತೆರೆದಿಟ್ಟು, ಸಿದ್ಧರಾಮನು ಯಾವ ಮೆಟ್ಟಿಲಿನಲ್ಲಿ ನಿಂತು ಕೆರೆ ತೋಡಿಸಿದನೆಂದು ರಾನಡೆಯವರನ್ನು ಕೇಳುವ ಅಭ್ಯಾಸ ಇನ್ನೂ ಆರಂಭವಾಗಬೇಕಾಗಿದೆ. ಆ ಕೆರೆ ಸೊಲ್ಲಾಪುರದಲ್ಲಿ ಸಿದ್ಧೇಶ್ವರನ ಗುಡಿಯ ಸುತ್ತ ಈಗಲೂ ಇದೆ.